ಜಗದಾಂಬ ಹೋಗುತ್ತಿದ್ದ ದಾರಿ

ರೇಣುಕಯ್ಯ ಮೇಷ್ಟ್ರು ಅವತ್ತು ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದರೆ ಇಷ್ಟೆಲ್ಲ ರಂಪ ಆಗುತ್ತಲೇ ಇರಲಿಲ್ಲ. ಬೂಟು ಹಾಕಿಕೊಂಡರು. ನೆಲ್ಲಿಬಂಡೆಯಂಥ ಊರಿನಲ್ಲಿ ಬೆಳಿಗ್ಗೆ ಆರೂಕಾಲಿಗೆ ಒಬ್ಬ ಮನುಷ್ಯ ಬೂಟು ಹಾಕಿಕೊಂಡು ಹೊರಗೆ ಬಂದನೆಂದರೆ ಅವನು ಮೂರೇ ಕೆಲಸಕ್ಕೆ ಹೊರಟಿರಬೇಕು. ಕೋರ್ಟಿಗೆ, ಆಸ್ಪತ್ರೆಗೆ, ಇಲ್ಲವೇ ಹೆಣ್ಣು ನೋಡುವುದಕ್ಕೆ. ನಾಲ್ಕನೆಯದೊಂದು ಕೆಲಸ ಇದ್ದೀತು ಎಂದು ಆ ಊರಿನವರನ್ನು ಒಪ್ಪಿಸಲು ಬ್ರಹ್ಮನಿಂದಲೂ ಆಗದು.

ಮೇಷ್ಟ್ರು ಹೊರಟದ್ದು ನಡೆಯುವುದಕ್ಕೆ. ಎಲ್ಲಿಗೂ ಅಲ್ಲ, ಸುಮ್ಮನೆ ಊರ ಸುತ್ತ ಒಂದು ಸುತ್ತು ನಡೆದು ಬರುವುದಕ್ಕೆ. ಅರವತ್ತಮೂರು ವರ್ಷದಲ್ಲಿ ಅವರು ಹಾಗೆ ನಡೆದವರೇ ಅಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಾಗ ಬಸ್ಸು, ನಿವೃತ್ತಿಯಾದ ಮೇಲೆ ಜಗಲಿ. ನಡೆಯುತ್ತಿದ್ದವಳು ಅವರ ಹೆಂಡತಿ ಜಗದಾಂಬ. ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ದಿನಾ ನಡೆಯಿರಿ ಎಂದಿದ್ದರು. ಅಂದಿನಿಂದ ಮೂರು ವರ್ಷ, ಬೆಳಿಗ್ಗೆ ಆರೂವರೆಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರೆ ಏಳೂವರೆ ಮೇಲೆಯೇ ವಾಪಸು. ಬಂದವಳೇ ಕಾಫಿಗೆ ನೀರಿಟ್ಟು ಅಡುಗೆಮನೆಯಿಂದಲೇ ವರದಿ ಒಪ್ಪಿಸುತ್ತಿದ್ದಳು.

"ಕೆರೆ ಏರಿ ಮೇಲೆ ಇವತ್ತು ಬೆಳ್ಳಕ್ಕಿ ಬಂದಿದ್ವು ಕಣ್ರೀ, ಒಂದೈವತ್ತು ಇರಬೌದು. ಬಂಡೆ ಬುಡದಲ್ಲಿ ಒಂದು ದೊಣೆ ಇದೆ, ಬೇಸಿಗೇಲೂ ಅದರ ನೀರು ಎಷ್ಟು ತಣ್ಣಗಿರ್ತದೆ ಗೊತ್ತಾ? ಒಂದಿನ ನೀವೂ ಬನ್ನಿ."

"ನಾಳೆ ಬರ್ತೀನಿ," ಎನ್ನುತ್ತಿದ್ದರು ಮೇಷ್ಟ್ರು, ಪೇಪರಿನಿಂದ ತಲೆ ಎತ್ತದೆ.

ಮೂರು ವರ್ಷದಲ್ಲಿ ಅಂಥ ನಾಳೆಗಳು ಎಷ್ಟು ಬಂದವು ಎಂದು ಗಣಿತದ ಮೇಷ್ಟ್ರೇ ಲೆಕ್ಕ ಇಡಲಿಲ್ಲ. ಆಮೇಲೆ ಒಂದು ದಿನ ಜಗದಾಂಬ ಆಸ್ಪತ್ರೆಯ ಮಂಚದ ಮೇಲೆ ಮಲಗಿ, ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು, "ಹುಷಾರಾದ ಮೇಲೆ ಒಂದಿನ ಬರ್ತೀರಾ?" ಎಂದು ಕೇಳಿದಳು. "ನೀನು ಮನೆಗೆ ಬಾ, ಮಾರನೇ ದಿನಾನೇ ಹೋಗೋಣ," ಎಂದರು ಇವರು. ಅವಳು ಮನೆಗೆ ಬಂದದ್ದು ಆಂಬುಲೆನ್ಸಿನಲ್ಲಿ, ಬಿಳಿ ಬಟ್ಟೆ ಸುತ್ತಿಸಿಕೊಂಡು.

ವರ್ಷದ ಕಾರ್ಯ ಪಂಚಾಂಗದ ಪ್ರಕಾರ ಹಿಂದಿನ ವಾರವೇ ಮುಗಿದಿತ್ತು. ಸ್ವಾಮಿಗಳು ಬಂದರು, ಪೂಜೆಯಾಯಿತು, ಊರು ಉಂಡು ಹೋಯಿತು. ಕ್ಯಾಲೆಂಡರಿನ ತಾರೀಖು ಮಾತ್ರ ಇವತ್ತಿನದು. ಈ ತಾರೀಖಿಗೆ ಯಾರೂ ಬರುವವರಿರಲಿಲ್ಲ. ಇವತ್ತಾದರೂ ಅವಳು ನಡೆಯುತ್ತಿದ್ದ ದಾರಿಯಲ್ಲಿ ಒಂದು ಸುತ್ತು, ಒಬ್ಬನೇ, ಅವಳ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಹೋಗಿ ಬರಬೇಕು ಎಂದು ಮೇಷ್ಟ್ರು ನಿಶ್ಚಯಿಸಿದ್ದರು. ಒಂದು ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಅಷ್ಟರಿಂದ ಒಂದು ಗೇಣಾದರೂ ಸರಿದೀತು ಎಂಬ ಆಸೆ.

ಹೊಸ್ತಿಲು ದಾಟಿ ಹತ್ತು ಮಾರು ಹೋಗಿರಲಿಲ್ಲ, ಪಕ್ಕದ ಮನೆಯ ಮರುಳಸಿದ್ದಯ್ಯ ಸಿಕ್ಕಿದ. ಹಾಲಿನ ಡೈರಿಯ ಕಾರ್ಯದರ್ಶಿ. ಊರಿನ ಹಸುಗಳ ಹಾಲೂ ಊರಿನ ಮನೆಗಳ ಸುದ್ದಿಯೂ ಮೊದಲು ಅವನ ಕ್ಯಾನಿಗೆ ಬಿದ್ದು ಆಮೇಲೆ ಮುಂದಕ್ಕೆ ಹೋಗುವುದು.

"ಏನ್ ಮೇಷ್ಟ್ರೆ, ದೂರ ಹೊಂಟಂಗದೆ?" ಎಂದ.

ಆ ಸೀಮೆಯಲ್ಲಿ ಹೊರಟವರನ್ನು 'ಎಲ್ಲಿಗೆ' ಎಂದು ನೇರವಾಗಿ ಕೇಳುವಂತಿಲ್ಲ, ಹೋದ ಕೆಲಸ ಕೆಡುತ್ತದೆ. ಅದಕ್ಕೇ 'ದೂರ ಹೊಂಟಂಗದೆ' ಎನ್ನುತ್ತಾರೆ. ಉತ್ತರ ಮಾತ್ರ ಊರಿನ ಹೆಸರು, ಹೋಗುವ ಕಾರಣ, ವಾಪಸು ಬರುವ ಬಸ್ಸು, ಎಲ್ಲವೂ ಬೇಕು.

"ಇಲ್ಲ ಮರುಳಸಿದ್ದಣ್ಣ, ಸುಮ್ನೆ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ. ಕೆರೆ ಕಡೆಗೆ."

ಹೆಂಡತಿ ನಡೆಯುತ್ತಿದ್ದ ದಾರಿಯಲ್ಲಿ ಹೋಗಿ ಬರುತ್ತೇನೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಈ ವಯಸ್ಸಿನಲ್ಲಿ ಡೈರಿ ಕಾರ್ಯದರ್ಶಿಯ ಮುಂದೆ ಹೆಂಡತಿಯ ನೆನಪು ಬಿಚ್ಚಿಡುವುದು ಹೇಗೆ? ನಾಚಿಕೆಯಾಯಿತು. ಮುಂದೆ ನಡೆದರು. ಮರುಳಸಿದ್ದಯ್ಯ ಬೂಟು ನೋಡಿದ, ಕೆರೆಯ ದಿಕ್ಕು ನೋಡಿದ, ಮನಸ್ಸಿನಲ್ಲೇ ಕ್ಯಾಲೆಂಡರನ್ನೂ ನೋಡಿದ. ಹೆಂಡತಿ ಸತ್ತ ತಾರೀಖು, ಒಂಟಿ ಮನುಷ್ಯ, ಸುಮ್ಮನೆ ಕೆರೆಯ ಕಡೆಗೆ. ಅವನ ಕೈಯಲ್ಲಿದ್ದ ಕ್ಯಾನು ನೆಲಕ್ಕೆ ಇಳಿಯಿತು, ಜೇಬಿನಲ್ಲಿದ್ದ ಫೋನು ಮೇಲಕ್ಕೆ ಬಂತು.

ಊರಿನ ಕಡೆಯ ಮನೆಗಳು ಇನ್ನೂ ದೂರವಿರುವಾಗಲೇ ಹಿಂದಿನಿಂದ ಬೈಕು ಬಂದು ಅಡ್ಡ ನಿಂತಿತು. ಹಿಟ್ಟಿನ ಗಿರಣಿಯ ಅಂಬರೀಶ. ಹುಬ್ಬಿನ ಮೇಲೆಲ್ಲ ರಾಗಿ ಹಿಟ್ಟು. ಮೇಷ್ಟ್ರ ಶಿಷ್ಯನೇ. ಮೇಷ್ಟ್ರ ದುರದೃಷ್ಟ ಏನೆಂದರೆ ಸುತ್ತಿನ ಹತ್ತು ಹಳ್ಳಿಯಲ್ಲಿ ಬೈಕು ಇಟ್ಟುಕೊಂಡವರೆಲ್ಲ ಅವರ ಶಿಷ್ಯರೇ.

"ಕೂತ್ಕಳಿ ಸಾರ್, ಬಿಟ್ಬುಡ್ತೀನಿ."

"ಬೇಡಪ್ಪ, ನಡೆದು ಹೋಗ್ತೀನಿ."

"ನೀವು ನಡ್ಕಂಡು ಹೋಗೋದು, ನಾನು ಬೈಕಲ್ಲಿ ಹೋಗೋದು. ನೋಡ್ದೋರು ನನ್ನ ಮಕಕ್ಕೆ ಉಗೀತಾರೆ. ಕೂತ್ಕಳಿ ಸಾರ್."

ಮೇಷ್ಟ್ರಿಗೆ ಇವನನ್ನು ತೊಲಗಿಸುವ ಉಪಾಯ ಹೊಳೆಯಿತು. ಇವನ ಗಿರಣಿ ಊರೊಳಗೆ. ಬೇರೆ ಊರಿನ ಹೆಸರು ಹೇಳಿದರೆ ತಾನೇ ಹಿಂದಕ್ಕೆ ಹೋಗುತ್ತಾನೆ.

"ನಾನು ಬಡವನಹಳ್ಳಿಗೆ ಹೋಗಬೇಕು ಕಣಪ್ಪ, ನಿನಗ್ಯಾಕೆ ತೊಂದರೆ."

"ನಾನೂ ಅಲ್ಲಿಗೇ ಸಾರ್," ಎಂದ ಅಂಬರೀಶ, ರೆಪ್ಪೆ ಮಿಟುಕಿಸದೆ. ಮೇಷ್ಟ್ರನ್ನು ಕೆರೆಯಿಂದ ದೂರ ಒಯ್ಯುವುದಾದರೆ ಅವನು ಪಾವಗಡಕ್ಕಾದರೂ ಹೋಗುತ್ತಿದ್ದ. ಆರು ಕಿಲೋಮೀಟರು ಬೈಕು ಹಾರಿತು. ಮೇಷ್ಟ್ರು ಅವನ ಬೆನ್ನಿನ ಹಿಟ್ಟನ್ನು ತಮ್ಮ ಎದೆಗೆ ಹಚ್ಚಿಕೊಂಡು, ಕೆರೆಯ ಏರಿ ಹಿಂದೆ ಹಿಂದೆ ಹೋಗುವುದನ್ನು ನೋಡುತ್ತ ಕೂತರು.

ಬಡವನಹಳ್ಳಿಯಲ್ಲಿ ಅಂಬರೀಶ ಬಲವಂತಕ್ಕೆ ಇಡ್ಲಿ ತಿನ್ನಿಸಿದ, ಎರಡು ಸಲ ಟೀ ಕುಡಿಸಿದ, "ಜೀವ ದೊಡ್ಡದು ಸಾರ್" ಎಂದು ಸಂದರ್ಭವಿಲ್ಲದೆ ಮೂರು ಸಲ ಹೇಳಿದ. ಮೇಷ್ಟ್ರು ಇಲ್ಲಿ ಬಹಳ ಹೊತ್ತಿನ ಕೆಲಸವಿದೆ ಎಂದು ಹೇಳಿ ಹೇಳಿ ಅವನನ್ನು ಸಾಗಹಾಕುವ ಹೊತ್ತಿಗೆ ಎಂಟೂವರೆ. ಹೋಗಲಿ, ಆರು ಕಿಲೋಮೀಟರು ನಡೆದೇ ಊರು ಸೇರಿ, ಅಲ್ಲಿಂದ ಅವಳ ದಾರಿ ಹಿಡಿದರಾಯಿತು ಎಂದುಕೊಂಡು ರಸ್ತೆಗಿಳಿದರು. ಫರ್ಲಾಂಗು ನಡೆದಿರಬಹುದು, ಮಾರುತಿ ವ್ಯಾನೊಂದು ಕಿರ್ ಎಂದು ನಿಂತಿತು. ಬೀಜ ಗೊಬ್ಬರದ ಅಂಗಡಿಯ ನರಸಿಂಹರಾಜು. ತೊಂಬತ್ತೆಂಟನೇ ಇಸವಿಯ ಬ್ಯಾಚು, ಗಣಿತದಲ್ಲಿ ನೂರಕ್ಕೆ ಸರಿಯಾಗಿ ಮೂವತ್ತೈದು ತೆಗೆದು ಪಾಸಾದವನು. ಆ ಮೂವತ್ತೈದರಲ್ಲಿ ಏಳು ಅಂಕ ಮೇಷ್ಟ್ರ ದಯೆ ಎಂದು ಅವನಿಗೆ ಗೊತ್ತು. ಆ ಋಣ ತೀರಿಸಲು ಇಪ್ಪತ್ತೇಳು ವರ್ಷದಿಂದ ಕಾಯುತ್ತಿದ್ದ.

"ಏನ್ ಸಾರ್ ಇದು, ಬಿಸಿಲಲ್ಲಿ ನಡೀತಾ ಇದೀರಲ್ಲ. ಇಲ್ಲಿಗ್ಯಾಕೆ ಬಂದಿದ್ರಿ?"

ಬಡವನಹಳ್ಳಿಗೆ ಏತಕ್ಕೂ ಬರಲಿಲ್ಲ ಎಂದರೆ ಯಾರು ನಂಬುತ್ತಾರೆ? ಮೇಷ್ಟ್ರು ಬಾಯಿಗೆ ಬಂದದ್ದು ಹೇಳಿದರು. "ಬಿ.ಪಿ. ತೋರಿಸೋಣ ಅಂತ ಬಂದಿದ್ದೆ. ಡಾಕ್ಟರು ಇನ್ನೂ ಬಂದಿಲ್ಲ. ಇನ್ನೊಂದಿನ ಬಂದ್ರಾಯ್ತು."

ಅದು ಎರಡನೆಯ ಸುಳ್ಳು. ಮೊದಲನೆಯದು ಆರು ಕಿಲೋಮೀಟರು ಒಯ್ದಿತ್ತು, ಇದು ಮಧುಗಿರಿಗೇ ಒಯ್ದಿತು. "ಬಿ.ಪಿ. ಅಂದ್ರೆ ಸಾಮಾನ್ಯಾನಾ ಸಾರ್? ನಮ್ಮ ಮಾವ ಇನ್ನೊಂದಿನ ಅಂತ್ಲೇ ಹೋದ," ಎನ್ನುತ್ತ ನರಸಿಂಹರಾಜು ಅವರನ್ನು ಎತ್ತಿದಂತೆಯೇ ಮಾಡಿ ವ್ಯಾನಿನೊಳಗೆ ಕೂರಿಸಿದ. ಹಿಂದೆ ಯೂರಿಯಾ ಮೂಟೆ, ಮುಂದೆ ಮೇಷ್ಟ್ರು. ದಾರಿಯುದ್ದಕ್ಕೂ ತನ್ನ ಮಾವ ಸತ್ತ ಕತೆಯನ್ನು ವಿವರವಾಗಿ ಹೇಳಿದ.

ಮಧುಗಿರಿಯ ಕ್ಲಿನಿಕ್ಕಿನಲ್ಲಿ ಅವರ ಮುಂದೆ ಮೂವತ್ತು ಜನ. ಬೋಳು ಬೆಟ್ಟ ಕಿಟಕಿಯ ತುಂಬ ಕಾದು ನಿಂತಿತ್ತು. ಹನ್ನೊಂದಾಯಿತು, ಹನ್ನೆರಡಾಯಿತು. ಜಗದಾಂಬ ಇದ್ದಿದ್ದರೆ ಈ ಹೊತ್ತಿಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು ಎಂದು ಮೇಷ್ಟ್ರಿಗೆ ನೆನಪಾಯಿತು. ಒಂದು ಸುತ್ತು ನಡೆದು ಬರುವಷ್ಟೂ ಯೋಗ್ಯತೆ ಇಲ್ಲದ ಗಂಡ ನಾನು ಎನ್ನಿಸಿತು. ಅಷ್ಟರಲ್ಲಿ ಫೋನು ಬಂತು. ಕೊರಟಗೆರೆಯಲ್ಲಿ ಕಾಲೇಜು ಉಪನ್ಯಾಸಕಿಯಾಗಿದ್ದ ಮಗಳು ಲೋಹಿತಾ.

"ಅಪ್ಪಾ, ಎಲ್ಲಿದೀರಾ?"

"ಮಧುಗಿರೀಲಿ ಕಣಮ್ಮ."

ಆ ಕಡೆಯಿಂದ ಉಸಿರು ಬಿಟ್ಟ ಸದ್ದು. ಆಮೇಲೆ ಅಳು. "ಮರುಳಸಿದ್ದಯ್ಯ ಮಾಮ ಫೋನ್ ಮಾಡಿದ್ರು. ಬೆಳಿಗ್ಗೆ ಯಾರಿಗೂ ಹೇಳದೆ ಕೆರೆ ಕಡೆ ಹೊರಟಿದ್ರಂತೆ. ಅಪ್ಪಾ, ಹಾಗೆಲ್ಲ ಏನಾದ್ರೂ ಮನಸಿಗೆ ತಂದ್ಕೊಂಡ್ರೆ ನನಗ್ಯಾರಿದಾರೆ?"

"ಆ ಕೆರೇಲಿ ನೀರೆಲ್ಲಿದೆ ಮಗಳೆ, ಮೊಣಕಾಲುದ್ದ ಇಲ್ಲ," ಎಂದರು ಮೇಷ್ಟ್ರು, ಸಮಾಧಾನ ಹೇಳುವ ಧಾಟಿಯಲ್ಲಿ.

ಕಾಯುತ್ತ ಕೂತಿದ್ದವರೆಲ್ಲ ಅವರನ್ನು ತಿರುಗಿ ನೋಡಿದರು. ಪಕ್ಕದಲ್ಲಿದ್ದ ಮುದುಕಿ ಅವರ ಕೈ ಹಿಡಿದುಕೊಂಡಳು, ಡಾಕ್ಟರು ಕರೆಯುವವರೆಗೂ ಬಿಡಲಿಲ್ಲ.

ಡಾಕ್ಟರಮ್ಮ ಬಿ.ಪಿ. ನೋಡಿದಳು. ಬೆಳಿಗ್ಗೆ ಅದು ಎಷ್ಟಿತ್ತೋ ಏನೋ, ಅಂಬರೀಶ, ನರಸಿಂಹರಾಜು ಮತ್ತು ಅವನ ಮಾವ ಸೇರಿ ಈಗ ಅದನ್ನು ನೂರ ಎಪ್ಪತ್ತಕ್ಕೆ ಏರಿಸಿದ್ದರು. ಅವಳು ಕೇಳಿದ ಪ್ರಶ್ನೆಗಳಿಗೆಲ್ಲ ನರಸಿಂಹರಾಜುವೇ ಉತ್ತರ ಕೊಟ್ಟ. ಕಡೆಯ ಪ್ರಶ್ನೆ ಮಾತ್ರ ಮೇಷ್ಟ್ರ ಪಾಲಿಗೆ ಉಳಿಯಿತು.

"ವಾಕಿಂಗ್ ಮಾಡ್ತೀರಾ?"

"ಬಿಟ್ರೆ ಮಾಡ್ತೀನಮ್ಮ," ಎಂದರು.

ಅವಳು ಚೀಟಿಯಲ್ಲಿ ಎರಡು ಮಾತ್ರೆ ಬರೆದು, ಕೆಳಗೆ ಗೆರೆ ಎಳೆದು, ದಿನಾ ನಲವತ್ತು ನಿಮಿಷ ನಡಿಗೆ ಎಂದು ಬರೆದಳು. ನರಸಿಂಹರಾಜು ಚೀಟಿಯನ್ನು ಜೋಪಾನವಾಗಿ ಮಡಿಸಿ ಮೇಷ್ಟ್ರ ಜೇಬಿಗಿಟ್ಟ, ನಡೆಯಬಾರದೆಂದು ವ್ಯಾನಿನಲ್ಲೇ ಬಸ್‌ಸ್ಟ್ಯಾಂಡಿಗೆ ಕರೆತಂದ. ಅವನಿಗೆ ಅಲ್ಲಿಂದ ಬೇರೆ ಕಡೆಗೆ ಹೋಗುವುದಿತ್ತು. "ಒಬ್ರೇ ಅವ್ರೆ, ಮನಸ್ಸು ಸರಿ ಇಲ್ಲ, ನೆಲ್ಲಿಬಂಡೆ ಗೇಟಲ್ಲಿ ಕೈ ಹಿಡಿದು ಇಳಿಸಿ," ಎಂದು ಕಂಡಕ್ಟರಿಗೆ ಇಡೀ ಬಸ್ಸಿಗೆ ಕೇಳುವಂತೆ ಹೇಳಿ ಹೋದ. ಕಂಡಕ್ಟರು ಮಹಿಳೆಯರ ಸೀಟಿನಲ್ಲಿ ಗರ್ಭಿಣಿಯೊಬ್ಬಳ ಪಕ್ಕ ಅವರನ್ನು ಕೂರಿಸಿದ. ಮೂವತ್ತೈದು ವರ್ಷ ಮಕ್ಕಳನ್ನು ಗದರಿದ ಮನುಷ್ಯ ಮಡಿಲಲ್ಲಿ ಕೈ ಇಟ್ಟುಕೊಂಡು ಕೂತುಬಂದರು.

ಗೇಟಿನಿಂದ ಊರಿಗೆ ಎರಡು ಕಿಲೋಮೀಟರು. ಅಷ್ಟಾದರೂ ನಡೆಯಬಹುದು ಎಂದು ಇಳಿದರೆ ಎದುರಿಗೇ ಬೈಕು, ಬೈಕಿನ ಮೇಲೆ ಅಂಬರೀಶ. "ಮರುಳಸಿದ್ದಯ್ಯ ಕಳಿಸುದ್ರು ಸಾರ್," ಎಂದ.

ಮನೆ ಮುಂದೆ ಜನ ಸೇರಿದ್ದರು. ಊರು ಅಷ್ಟು ಹೊತ್ತಿಗೆ ಎರಡು ಪಕ್ಷವಾಗಿತ್ತು. ಮೇಷ್ಟ್ರು ಪ್ರಾಣ ಕಳಕೊಳ್ಳಲು ಹೋಗಿದ್ದರು ಎಂಬುದು ಮರುಳಸಿದ್ದಯ್ಯನ ಪಕ್ಷ. ಬೂಟು ಹಾಕಿಕೊಂಡು ಯಾರೂ ಪ್ರಾಣ ಕಳಕೊಳ್ಳುವುದಿಲ್ಲ, ಮಧುಗಿರಿಯಲ್ಲಿ ಹೆಣ್ಣು ನೋಡಲು ಹೋಗಿದ್ದರು ಎಂಬುದು ಅವನ ಹೆಂಡತಿಯ ಪಕ್ಷ. ಎದೆಯ ಮೇಲಿದ್ದ ಹಿಟ್ಟಿನ ಬಿಳಿಯನ್ನು ನೋಡಿ ಅವಳ ಪಕ್ಷದವರು, ಪೌಡರು ಬೇರೆ ಹಾಕಿಕೊಂಡವ್ರೆ ಎಂದು ಪಿಸುಗುಟ್ಟಿದರು.

"ನೋಡಿ ಮೇಷ್ಟ್ರೆ," ಎಂದ ಮರುಳಸಿದ್ದಯ್ಯ, ಜಗಲಿಯ ಮೇಲೆ ಪಕ್ಕ ಕೂತು. "ಒಂದೊರ್ಷ ಆಯ್ತು. ಮನಸಲ್ಲಿ ಏನೈತೋ ಹೇಳ್ಬುಡಿ. ಹೆಣ್ಣು ನೋಡಾಕೇ ಹೋಗಿದ್ರೂ ತಪ್ಪೇನಿಲ್ಲ, ನಾವೇ ನಿಂತು ಮಾಡ್ತೀವಿ. ಆ ಇನ್ನೊಂದು ಯೋಚ್ನೆ ಮಾತ್ರ ಬ್ಯಾಡ."

ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಮೇಷ್ಟ್ರಿಗೆ ಬೈಯಲೂ ಆಗಲಿಲ್ಲ. "ಬಿ.ಪಿ. ತೋರಿಸಿಕೊಂಡು ಬಂದೆ ಅಷ್ಟೆ," ಎಂದು ಚೀಟಿ ತೋರಿಸಿದರು. ಚೀಟಿ ಕೈಯಿಂದ ಕೈಗೆ ಹೋಯಿತು, ಯಾರೂ ನಂಬಲಿಲ್ಲ. ಇವತ್ತೊಂದು ದಿನ ಮೇಷ್ಟ್ರನ್ನು ಒಬ್ಬರೇ ಬಿಡುವಂತಿಲ್ಲ ಎಂದು ತೀರ್ಮಾನವಾಗಿ, ಅಂಬರೀಶನನ್ನು ಜಗಲಿಯ ಮೇಲೆ ಕಾವಲಿಗೆ ಕೂರಿಸಿ ಜನ ಚದುರಿದರು.

ಮೇಷ್ಟ್ರು ಒಳಗೆ ಹೋಗಿ ಬೂಟು ಬಿಚ್ಚಿದರು. ನಾಲ್ಕೂವರೆ. ತಾರೀಖು ಮುಗಿಯುತ್ತ ಬಂತು. ಅಡುಗೆಮನೆಯಲ್ಲಿ ನಿಂತು ಸುಮ್ಮನೆ ಅತ್ತರು. ಅತ್ತು, ಮುಖ ತೊಳೆಯಲು ಚೊಂಬಿಗೆ ನೀರು ತುಂಬಿಕೊಂಡರು. ಚೊಂಬು ಕೈಗೆ ಬಂದದ್ದೇ ತಡ, ಅವರಿಗೆ ದಾರಿ ಹೊಳೆಯಿತು.

ಆ ಸೀಮೆಯಲ್ಲಿ ಒಬ್ಬನೇ ಒಬ್ಬ ಮನುಷ್ಯನನ್ನು ಯಾರೂ ದೂರ ಹೊಂಟಂಗದೆ ಎಂದು ಕೇಳುವುದಿಲ್ಲ, ಬಾ ಬಿಡ್ತೀನಿ ಎಂದು ಬೈಕು ನಿಲ್ಲಿಸುವುದಿಲ್ಲ, ಜೊತೆಗೆ ಬರುತ್ತೇನೆ ಎನ್ನುವುದಂತೂ ಇಲ್ಲವೇ ಇಲ್ಲ. ಅವನು ನೀರಿನ ಚೊಂಬು ಹಿಡಿದು ಬಯಲ ಕಡೆಗೆ ಹೊರಟವನು. ಅವನು ಎದುರಾದರೆ ಎಂಥವರೂ ಆಕಾಶ ನೋಡುತ್ತಾರೆ.

ಕಷ್ಟ ಒಂದೇ. ಊರಿನಲ್ಲಿ ಮೊದಲು ಶೌಚಾಲಯ ಕಟ್ಟಿಸಿದವರು ರೇಣುಕಯ್ಯ ಮೇಷ್ಟ್ರು. ಬಯಲಿಗೆ ಹೋಗುವುದು ಅವಮಾನ ಎಂದು ಮಕ್ಕಳ ಕೈಗೆ ಫಲಕ ಕೊಟ್ಟು ಬೀದಿ ಬೀದಿ ಘೋಷಣೆ ಕೂಗಿಸಿದವರೂ ಅವರೇ. ಎಂಟನೇ ಕ್ಲಾಸಿನ ಅಂಬರೀಶ ಎಲ್ಲರಿಗಿಂತ ದೊಡ್ಡ ಫಲಕ ಹಿಡಿದಿದ್ದ. ಈಗ ಅದೇ ಮೇಷ್ಟ್ರು ಪಂಚೆ ಎತ್ತಿಕಟ್ಟಿ, ಹವಾಯಿ ಚಪ್ಪಲಿ ಮೆಟ್ಟಿ, ಚೊಂಬು ಹಿಡಿದು ಹೊರಗೆ ಬಂದಾಗ ಅವನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

"ಸಾರ್, ಮನೇಲೇ..."

"ನೀರು ಬರ್ತಿಲ್ಲ ಕಣಪ್ಪ."

ಅಂಬರೀಶ ಗೋಡೆಯ ಕಡೆ ತಿರುಗಿ ಕೂತ. ಮೇಷ್ಟ್ರು ಹಿತ್ತಲ ಓಣಿ ಹಿಡಿದು ಡೈರಿಯ ಮುಂದೆ ಹಾದುಹೋದರು. ಮರುಳಸಿದ್ದಯ್ಯ ಅವರನ್ನು ಕಂಡು, ಚೊಂಬನ್ನು ಕಂಡು, ಖಾಲಿ ಕ್ಯಾನಿನೊಳಗೆ ಏನನ್ನೋ ಹುಡುಕತೊಡಗಿದ. ಊರಿನಲ್ಲಿದ್ದ ಗೌರವವೆಲ್ಲ ಚೊಂಬಿನಲ್ಲಿ ಹೋದರೂ ಹೋಗಲಿ, ಅವರನ್ನು ಯಾರೂ ತಡೆಯಲಿಲ್ಲ.

ಅವರು ಸುತ್ತನ್ನು ತಿರುಗುಮುರುಗಾಗಿ, ಬಂಡೆಯ ಕಡೆಯಿಂದ ಹಿಡಿದರು. ಗಾಡಿದಾರಿಯ ಎರಡೂ ಬದಿಗೆ ಹೊಂಗೆ ಮರ. ಉದುರಿದ ಹೂವು ನೆಲದ ಮೇಲೆ ಪುರಿ ಚೆಲ್ಲಿದಂತೆ ಬಿದ್ದಿತ್ತು. ಇದನ್ನು ಅವಳು ಹೇಳಿದ್ದಳು. ಹೂವಿನ ಮೇಲೆ ಕಾಲಿಡೋಕೆ ಮನಸು ಬರಲ್ಲ ಕಣ್ರೀ ಎಂದಿದ್ದಳು. ಅವರು ಅಂಚಿನಲ್ಲಿ ನಡೆದರು. ಬಂಡೆಯ ಬುಡದಲ್ಲಿ ದೊಣೆ ಇತ್ತು. ಕಲ್ಲೆಲ್ಲ ಕಾದು ಕೆಂಡವಾಗಿದ್ದರೂ ಕೈ ಅದ್ದಿದರೆ ನೀರು ತಣ್ಣಗಿತ್ತು. ಚೊಂಬಿನ ನೀರು ಚೆಲ್ಲಿ ದೊಣೆಯ ನೀರು ತುಂಬಿ, ಮುಖಕ್ಕೆ ಹಾಕಿಕೊಂಡರು, ಒಂದು ಗುಟುಕು ಕುಡಿದರು. ಹುಣಸೆ ತೋಪಿನಲ್ಲಿ ಎರಡು ಮರ ಒಂದಕ್ಕೊಂದು ಹೆಗಲು ಕೊಟ್ಟು ನಿಂತಿದ್ದವು. ಅವು ಗಂಡ ಹೆಂಡತಿ ಎಂದು ಅವಳು ಹೇಳಿದಾಗ ಮೇಷ್ಟ್ರು ಪೇಪರಿನಲ್ಲಿ ಪದಬಂಧ ತುಂಬುತ್ತಿದ್ದರು. ಈಗ ನೋಡಿದರೆ ಹೌದು, ಗಂಡ ಹೆಂಡತಿಯೇ.

ಅವಳ ಒಂದೊಂದು ಮಾತೂ ಇದ್ದ ಜಾಗದಲ್ಲೇ ಇತ್ತು. ಮೇಷ್ಟ್ರು ನಡೆಯುತ್ತ ನಡೆಯುತ್ತ ಜೋರಾಗಿಯೇ ಮಾತಾಡತೊಡಗಿದರು. "ಇಲ್ಲಿ ಕೂರ್ತಿದ್ದೆ ಅನ್ಸುತ್ತೆ ನೀನು. ಇಲ್ಲಿ ಸ್ವಲ್ಪ ದಮ್ಮು ಬರ್ತದೆ ಅಲ್ವಾ." ಕೆರೆಯ ಏರಿ ಹತ್ತಿದಾಗ ಮೊಣಕಾಲುದ್ದದ ನೀರಿನಲ್ಲಿ ಬೆಳ್ಳಕ್ಕಿಗಳು ನಿಂತಿದ್ದವು, ಎಣಿಸಿದರೆ ಐವತ್ತಕ್ಕಿಂತ ಹೆಚ್ಚೇ. ಅವರು ಏರಿಯ ಮಧ್ಯೆ ನಿಂತು, "ಬಂದೆ ಕಣೇ, ತಡವಾಯ್ತು," ಎಂದರು. ಎದೆಯ ಮೇಲಿದ್ದ ಕಲ್ಲು ಸರಿದಂತೆ ಆಯಿತು. ಒಂದು ವರ್ಷದಲ್ಲಿ ಮೊದಲ ಸಲ ಹೊಟ್ಟೆ ಹಸಿಯಿತು.

ಏರಿ ಇಳಿದರೆ ಸಿಗುವ ಮೊದಲ ಮನೆ ಚಿಕ್ಕಹನುಮಕ್ಕನದು. ಮೇಕೆ ಸಾಕಿಕೊಂಡು, ಕೂಲಿ ಮಾಡಿಕೊಂಡಿರುವ ಹೆಂಗಸು, ಮೇಷ್ಟ್ರಿಗಿಂತ ಒಂದೆರಡು ವರ್ಷ ಚಿಕ್ಕವಳು. ಮನೆ ಮುಂದಿನ ಕಟ್ಟೆಯ ಹತ್ತಿರ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು.

"ಯಾಕ್ ಸ್ವಾಮಿ ಇಂಗ್ ಸುಸ್ತಾಗ್ಬುಟ್ಟಿದೀರಾ. ಬನ್ನಿ, ಒಸಿ ಕುಂತ್ಕಳಿ."

ಮೇಷ್ಟ್ರು ಕೂತರು. ಚೊಂಬನ್ನು ಪಕ್ಕಕ್ಕಿಟ್ಟರು. ಅವಳು ಚೊಂಬಿನ ವಿಚಾರ ಎತ್ತಲಿಲ್ಲ. ಬೆಳಗಿನಿಂದ ಸುಳ್ಳು ಹೇಳಿ ಹೇಳಿ ಸಾಕಾಗಿದ್ದ ಮನುಷ್ಯ, ಮನಸ್ಸು ಹಗುರವಾಗಿದ್ದಕ್ಕೋ ಏನೋ, ಅವಳು ಕೇಳದೆಯೇ ನಿಜ ಹೇಳಿದರು.

"ನಮ್ಮವಳು ದಿನಾ ನಡೀತಿದ್ದ ದಾರಿ ಕಣಮ್ಮ ಇದು. ಒಂದಿನಾನೂ ನಾನು ಜೊತೇಲಿ ಬರಲಿಲ್ಲ. ಅವಳು ಹೋಗಿ ಇವತ್ತಿಗೆ ಒಂದು ವರ್ಷ. ಅದಕ್ಕೆ ಪೂರ್ತಿ ಒಂದು ಸುತ್ತು ಹಾಕಿಕೊಂಡು ಬಂದೆ."

ಕುಟ್ಟುತ್ತಿದ್ದ ಸದ್ದು ನಿಂತಿತು.

"ಯಾವ ದಾರಿ ಸ್ವಾಮಿ?"

"ಇದೇ. ಏರಿ, ತೋಪು, ಬಂಡೆ."

ಚಿಕ್ಕಹನುಮಕ್ಕ ಅವರ ಮುಖವನ್ನೇ ನೋಡಿದಳು. "ಅಮ್ಮಾರು ಆ ಕಡೀಕೆ ಒಂದಿನಾನೂ ಓಗಿಲ್ವಲ್ಲ," ಎಂದಳು.

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಅವಳೇ ಮುಂದುವರಿಸಿದಳು.

"ದಿನಾ ಆರೂಮುಕ್ಕಾಲಿಗೆ ಬರೋರು. ಇಲ್ಲೇ ಕುಂತ್ಕಳೋರು, ಈಗ ನೀವು ಕುಂತಿದೀರಲ್ಲ, ಇಲ್ಲೇ. ಟೀ ಕಾಯಿಸಿಕೊಡ್ತಿದ್ದೆ, ಕುಡಿಯೋರು. ಏಳೂವರೆ ಆಯ್ತಿದ್ದಂಗೆ ಎದ್ದು ಮನೇಗ್ ಓಗೋರು. ಊರಿಗೆಲ್ಲ ಗೊತ್ತು ಸ್ವಾಮಿ. ನಿಮಗೊಬ್ರಿಗೆ ಗೊತ್ತಿಲ್ಲ ಅಂತ ನಂಗೇನ್ ಗೊತ್ತು."

ಊರಿಗೆಲ್ಲ ಗೊತ್ತು. ಬೆಳಿಗ್ಗೆ ಆರೂಕಾಲಿಗೆ ಮರುಳಸಿದ್ದಯ್ಯನಿಗೆ ನಿಜ ಹೇಳಿದ್ದರೆ ಅವನೇ ಹೇಳುತ್ತಿದ್ದ. ಅಂಬರೀಶನಿಗೆ ಹೇಳಿದ್ದರೆ ಅವನೂ ಹೇಳುತ್ತಿದ್ದ.

"ಮತ್ತೆ ಬೆಳ್ಳಕ್ಕಿ?" ಎಂದರು ಮೇಷ್ಟ್ರು. "ದೊಣೆ ನೀರು? ಗಂಡ ಹೆಂಡತಿ ಮರ?"

"ಅವೆಲ್ಲ ನಾನ್ ಯೋಳಿದ್ದು. ದಿನಾ ಮೇಕೆ ಹೊಡ್ಕಂಡು ಓಗ್ತೀನಲ್ಲ ಆ ಕಡೆ. ನಿನ್ನೆ ಏನೇನ್ ನೋಡ್ದೆ ಯೋಳೇ, ಮನೇಲಿ ಯೋಳಬೇಕು ಅನ್ನೋರು. ಬಾಯಿಪಾಠ ಮಾಡ್ಕಂಡಂಗೆ ಎರಡು ಸತಿ ಕೇಳೋರು."

"ಯಾಕೆ? ಅವಳೇ ಹೋಗಬಹುದಿತ್ತಲ್ಲ."

"ಬಂಡೇಲಿ ಕರಡಿ ಐತೆ ಅಂತ ಭಯ ಔರಿಗೆ. ಏರಿ ಮೇಲೆ ಒಬ್ರೇ ಕಾಲಿಟ್ರೆ ಕೈಕಾಲು ನಡುಗ್ತವೆ ಅನ್ನೋರು. ನಿಮಗೆ ಯೋಳುದ್ರೆ ನಗ್ತೀರಿ ಅಂತ ಯೋಳ್ಲಿಲ್ಲ. ಚೆಂದಾಗಿ ಯೋಳ್ತಾ ಇದ್ರೆ ಆಸೆ ಆಗಿ ಒಂದಿನ ಬಂದೇ ಬತ್ತಾರೆ, ಅವಾಗ ಔರ್ ಜೊತೆ ಓಯ್ತೀನಿ ಅನ್ನೋರು. ನಾಳೆ ಬತ್ತೀನಿ ಅಂದವ್ರೆ ಕಣೆ ಅಂತ ಎಷ್ಟೋ ದಿನ ಖುಷಿಯಾಗಿ ಎದ್ದು ಓಗವ್ರೆ."

ಮೇಷ್ಟ್ರು ಪಕ್ಕದಲ್ಲಿದ್ದ ಚೊಂಬನ್ನು ಎತ್ತಿ ಮತ್ತೆ ಅಲ್ಲೇ ಇಟ್ಟರು. ಒಳಗೆ ಒಂದು ಮೇಕೆಮರಿ ಅರಚಿತು. ಕಡೆಗೆ, ಯಾರ ಮೇಲಾದರೂ ಸ್ವಲ್ಪ ತಪ್ಪು ಹೊರಿಸಿದರೆ ತಡೆದುಕೊಳ್ಳಬಹುದೇನೋ ಎಂಬಂತೆ ಕೇಳಿದರು.

"ನೀನು ದಿನಾ ಹೋಗ್ತಿದ್ದೆಯಲ್ಲಮ್ಮ. ಒಂದೇ ಒಂದಿನ ನಿನ್ನ ಜೊತೆ ಕರ್ಕೊಂಡು ಹೋಗಬಾರದಿತ್ತಾ? ಅಷ್ಟಾದ್ರೂ ನೋಡ್ತಿದ್ಲು."

"ಕರ್ದೆ ಸ್ವಾಮಿ. ಎಷ್ಟು ಸತಿ ಕರ್ದೆ. ಬ್ಯಾಡ ಕಣೆ ಅಂದ್ರು." ಚಿಕ್ಕಹನುಮಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿನ್ ಜೊತೆ ನೋಡ್ಬುಟ್ರೆ, ಔರು ಬಂದಾಗ ಹೊಸದಾಗಿ ನೋಡ್ದಂಗೆ ಮಾಡಾಕೆ ನಂಗ್ ಬರಾಕಿಲ್ಲ. ಇಬ್ರೂ ಒಂದೇ ಸತಿ ನೋಡ್ಬೇಕು, ಅದುಕ್ಕೆ ಮಡಗಿವ್ನಿ ಅಂದ್ರು."

ಅವಳು ಮೂರು ವರ್ಷ ನೋಡದೆ ಇಬ್ಬರಿಗೆಂದು ಎತ್ತಿಟ್ಟಿದ್ದನ್ನು ಅವರು ಇವತ್ತು ಸಾಯಂಕಾಲ ಒಬ್ಬರೇ ಹೋಗಿ ನೋಡಿ ಮುಗಿಸಿ ಬಂದಿದ್ದರು. ಒಂದನ್ನೂ ಬಿಟ್ಟಿರಲಿಲ್ಲ.

ಚಿಕ್ಕಹನುಮಕ್ಕನಿಗೆ ಅವರ ಮುಖ ನೋಡಲಾಗಲಿಲ್ಲ. ಏನಾದರೂ ಮಾತಾಡಬೇಕಲ್ಲ ಎಂದು, "ಏನೇನ್ ನೋಡುದ್ರಿ ಸ್ವಾಮಿ ಅಲ್ಲಿ?" ಎಂದಳು.

"ಏನೂ ನೋಡಲಿಲ್ಲ ಕಣಮ್ಮ," ಎಂದರು ಮೇಷ್ಟ್ರು. "ಕತ್ತಲಾಗಿತ್ತು. ಏನೂ ಕಾಣಲಿಲ್ಲ."

ಸೂರ್ಯ ಇನ್ನೂ ಬಂಡೆಯ ಮೇಲೆ ಮಾರುದ್ದ ಇದ್ದ. ಅವಳು ಅದರ ಕಡೆ ಒಮ್ಮೆ ನೋಡಿದಳು, ಅವರ ಕಡೆ ಒಮ್ಮೆ ನೋಡಿದಳು.

"ಹೂಂ ಸ್ವಾಮಿ, ಈಗ ಕತ್ಲೆ ಬೇಗ ಆಯ್ತದೆ," ಎಂದು ಹೇಳಿ, ಟೀ ಕಾಯಿಸಲು ಒಳಗೆ ಹೋದಳು.